ಟಾಕಿಯೊಳಗಿನ ಸಪ್ಪಳ

ಉಸಿರುಗಟ್ಟಬಹುದು, ಏಣಿ ಜಾರಬಹುದು, ಬಣ್ಣದ ವಾಸನೆಗೆ ತಲೆ ತಿರುಗಿ ಬೀಳಬಹುದು. ನಮ್ಮ ಹಂಸಭಾವಿ ಮನೆಯ ಕಬ್ಬಿಣದ ನೀರಿನ ಟಾಕಿಗೆ ಸವಣೂರಿನ ಪೇಂಟರ್ ಚಾಚಾ ಇಳಿಯುವಷ್ಟರಲ್ಲಿ ನಾನು ಇಷ್ಟನ್ನೂ ಯೋಚಿಸಿ ಬೆವೆತಿದ್ದೆ. ಒಳಗಿನ ತುಕ್ಕು ಕೆರೆದು ಬಣ್ಣ ಬಳಿಯುವುದು ಅವರ ಕೆಲಸ.

"ಬ್ರಷ್ಷಿನ ಹಿಡಿಯಿಂದ ತಟ್ಟತಿರ್ತೇನ್ರಿ ಸರ. ಸಪ್ಪಳ ಇರೂತನಕ ನಾ ಅದೇನಿ." ಪ್ರತಿ ಟಾಕಿಯಲ್ಲೂ ಅವರದು ಇದೇ ಮಾತು.

ಟಣ್, ಟಣ್. ಮಧ್ಯಾಹ್ನದ ಹೊತ್ತಿಗೆ ಸಪ್ಪಳ ನಿಂತಿತು.

"ಚಾಚಾ!" ಎಂದು ಕೂಗಿ, ಟಾಕಿಯ ಒಳಗೋಡೆಗೆ ಕೈಯೂರಿ ಬಗ್ಗಿದೆ. ಅವರು ಕನ್ನಡಕ ಒರೆಸುತ್ತಿದ್ದರು.

"ಬಣ್ಣ ಹಸಿ ಐತ್ರಿ, ಕೈ ತಗೀರಿ. ಅಲ್ಲಿ ಮತ್ತ ಬಳೀತೇನಿ."

"ಏನೂ ಬ್ಯಾಡ, ಮೊದಲ ಹೊರಗ ಬರ್ರಿ!"

ಚಾಚಾ ನಗುತ್ತ ಹತ್ತಿ ಬಂದರು. ವರ್ಷ ಕಳೆದು ಈಗ ಇಡೀ ಟಾಕಿಯಲ್ಲಿ ತುಕ್ಕು ಹಿಡಿದಿರುವುದು ಒಂದೇ ಕಡೆ, ನನ್ನ ಐದು ಬೆರಳಿನ ಆಕಾರದಲ್ಲಿ.