ಮೈದುನನ ಧೋತರಕ್ಕೆ ಹಾಕಿದ ಗಂಜಿ

ಗೆಳತಿಯರೇ, ಇವತ್ತು ನನ್ನ ಮೈದುನನ ಮದುವೆಯನ್ನು ಕಂಪ್ಲಿಯ ಒಂದು ಆಕಳು ಗೊತ್ತುಮಾಡಿತು!

ಯುದ್ಧ ಶುರುವಾದಾಗಿನಿಂದ ಸಾಬೂನು ತುಟ್ಟಿ. ಹಾಗಾಗಿ ಬೆಳಿಗ್ಗೆ ಅವನ ಧೋತರವನ್ನು ನಾನೇ ಸವುಳು ಮಣ್ಣಿನಲ್ಲಿ ಒಗೆದು, ಗಂಜಿಯಲ್ಲಿ ಅದ್ದಿ ಒಣಗಿಸಿದೆ. ಹಪ್ಪಳದಂತೆ ಗರಿಗರಿಯಾಯಿತು. ಅದನ್ನೇ ಉಡಿಸಿ ಸಂಜೆ ಹೆಣ್ಣು ನೋಡಲು ಕರೆದೊಯ್ದೆವು.

ಹೆಣ್ಣಿನ ಮನೆಯಂಗಳದ ಆಕಳು ಅವನನ್ನು ಕಂಡದ್ದೇ ಹಗ್ಗ ಜಗ್ಗಿ ಬಂದು ಧೋತರ ನೆಕ್ಕತೊಡಗಿತು. ಅತ್ತೆ ನನ್ನ ಕಿವಿಯಲ್ಲಿ, "ಬಳ್ಳೊಳ್ಳಿ ವಾಸನಿ ಯಾಕ ಬರ್ತೈತೇ?" ಎಂದರು. ಆಗ ಹೊಳೆಯಿತು. ನಾನು ಅದ್ದಿದ್ದು ಗಂಜಿಯಲ್ಲಲ್ಲ. ಪಕ್ಕದ ಗಡಿಗೆಯಲ್ಲಿದ್ದ, ಮಜ್ಜಿಗೆ, ಉಪ್ಪು, ಬೆಳ್ಳುಳ್ಳಿ ಹಾಕಿದ ಜೋಳದ ಅಂಬಲಿಯಲ್ಲಿ!

ನಾನು ಆಕಳನ್ನು ಓಡಿಸಲು ಮುಂದಾದೆ. ಹೆಣ್ಣಿನ ತಂದೆ ಮಾತ್ರ ಕೈಮುಗಿದುಬಿಟ್ಟರು: "ಹಾಯೋ ಆಕಳ್ರೀ ಇದು, ಯಾರ್ನೂ ಹತ್ರ ಬಿಟ್ಕೊಳ್ಳಂಗಿಲ್ಲ. ನಿಮ್ಮ ಹುಡುಗನ್ನ ಹೆಂಗ ನೆಕ್ಕಾಕತ್ತೈತಿ ನೋಡ್ರಿ! ಇದಕ್ಕಿಂತ ಒಳ್ಳೆ ಶಕುನ ಬೇಕೇನ್ರಿ?"

ಅಲ್ಲೇ ವೀಳ್ಯ ಬದಲಾಯಿಸಿದರು.

ದಾರಿಯಲ್ಲಿ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಮನೆಗೆ ಬಂದದ್ದೇ ಅವರು ಅಪ್ಪಣೆ ಕೊಡಿಸಿದರು: "ಸಣ್ಣಾಂವಗೂ ಹೆಣ್ಣು ನೋಡೋದೈತಿ. ಆ ಅಂಬಲಿ ಯಾರೂ ಮುಟ್ಟಬ್ಯಾಡ್ರಿ!"

ಆದರೆ ಧೋತರ ಅದ್ದಿದ್ದ ಆ ಅಂಬಲಿಯನ್ನು ಮಾವ ಹೊರಡುವ ಮೊದಲೇ ಕುಡಿದು ಮುಗಿಸಿ, "ಇವತ್ತು ಭಾಳ ರುಚಿ ಆಗೈತಿ" ಎಂದಿದ್ದರು!