ಗ್ರಾಫಿನಿಂದ ಅಳಿಸಿದ ಚುಕ್ಕೆ

ಕಳೆದ ಶನಿವಾರ ಮಣಿಪಾಲದ ಒಂದು ಸೆಮಿನಾರಿನಲ್ಲಿ ನನ್ನ ಸಮೀಕರಣಕ್ಕೆ ಚಪ್ಪಾಳೆ ಬಿತ್ತು. ಸೋಮವಾರ ನನ್ನ ಅಕ್ಕನ ತೊಡೆಯಿಂದ ಸ್ಟೀಲ್ ಪ್ಲೇಟನ್ನು ಹೊರಗೆ ತೆಗೆದರು. ಎರಡಕ್ಕೂ ಕಾರಣ ನಾನೇ.

ಅಕ್ಕ ಕಾಪುವಿನಲ್ಲಿ ಟೈಲರ್. ಬಸ್ಸಿಳಿಯುವಾಗ ಬಿದ್ದು ಬಲತೊಡೆಯ ಮೂಳೆ ಮುರಿಯಿತು. ಮೆಷಿನ್ ತುಳಿಯುವ ಕಾಲು ಅದು. ಪ್ಲೇಟ್ ಕೂರಿಸಿದರು. ಮೈಯೊಳಗೆ ಹೊರಗಿನ ವಸ್ತು ಬಂದರೆ ಬಿಳಿ ರಕ್ತಕಣಗಳು ಸುಮ್ಮನಿರುತ್ತವೆಯೇ? ಮೊದಲು ಮುತ್ತಿಗೆ ಹಾಕುತ್ತವೆ, ಆಮೇಲೆ ಮೆಲ್ಲಗೆ ಹಿಂದೆ ಸರಿಯುತ್ತವೆ. ಎಷ್ಟು ದಿನಕ್ಕೆ ಎಂದು ಗಣಿತದಲ್ಲಿ ಹೇಳಬಹುದೇ ಅಂತ ಡಾಕ್ಟರ್ ಮಿತ್ರರೊಬ್ಬರು ಕೇಳಿದ್ದರು. ನಾನು ಕಾಲೇಜಿನಲ್ಲಿ ಗಣಿತ ಕಲಿಸುವವನು. (ಆಗುವುದಿಲ್ಲ ಎನ್ನಲು ಮಾತ್ರ ಕಲಿಯದವನು.) ಹಲವು ರೋಗಿಗಳ ರಕ್ತಪರೀಕ್ಷೆಯ ಅಂಕಿಗಳನ್ನಿಟ್ಟು ಒಂದು ರೇಖೆ ಎಳೆದೆ. ಮೂರು ತಿಂಗಳಿಗೆ ಎಲ್ಲ ಶಾಂತ. ಅಕ್ಕನಿಗೂ ಹಾಗೇ ಹೇಳಿದೆ.

ಮೂರನೆಯ ತಿಂಗಳು ಅವಳ ಬಿಳಿ ರಕ್ತಕಣಗಳು ಇಳಿಯುವ ಬದಲು ಏರಿದವು. ರಿಪೋರ್ಟ್ ನನ್ನ ಕೈಗೇ ಬರುತ್ತಿತ್ತು. ಗ್ರಾಫಿನಲ್ಲಿ ಒಂದೇ ಒಂದು ಚುಕ್ಕೆ ರೇಖೆ ಬಿಟ್ಟು ಮೇಲೆ ನಿಂತಿತು. ಕಾಪುವಿಗೆ ಹೋದೆ.

"ನೋವು ಉಂಟಾ ಅಕ್ಕ?"

"ಎಂತ ಇಲ್ಲ. ಒಳ್ಳೆದುಂಟು. ನೀನು ಚಾ ಕುಡಿ."

ಕ್ಷೇಮ ಕೇಳಿದವರಿಗೆ ನಮ್ಮೂರಿನಲ್ಲಿ ಕೊಡುವ ಉತ್ತರವೇ ಅದು. ಜ್ವರದಲ್ಲಿ ನಡುಗುವವರೂ ಅದನ್ನೇ ಹೇಳುತ್ತಾರೆ. ಹುಟ್ಟಿದಂದಿನಿಂದ ಕೇಳಿದವನು ನಾನು. ಆದರೂ ಆ ದಿನ ನಂಬಿದೆ. ಯಾಕೆ? ನಂಬಿದರೆ ರೇಖೆ ಚಂದ ಬರುತ್ತಿತ್ತು. ಲ್ಯಾಬಿನವರ ತಪ್ಪಿರಬೇಕು ಎಂದುಕೊಂಡು ಆ ಚುಕ್ಕೆಯನ್ನು ರಬ್ಬರಿನಿಂದ ಉಜ್ಜಿದೆ. ಅಕ್ಕನನ್ನು ನೋಡುತ್ತಿದ್ದ ಡಾಕ್ಟರಿಗೂ ಹೇಳಲಿಲ್ಲ.

ಸೋಮವಾರ ತೊಡೆ ಕೊಯ್ದು ನೋಡಿದರೆ ಪ್ಲೇಟಿನ ಸುತ್ತ ಕೀವು ತುಂಬಿತ್ತು. ಆ ಕಾಲು ಇನ್ನು ಸರಿಯಾಗಿ ಮಡಚುವುದಿಲ್ಲವಂತೆ.

"ನೋವಿದ್ದರೆ ಹೇಳ್ಲಿಕ್ಕೆ ಆಗುದಿಲ್ವಾ ನಿನಗೆ?" ಎಂದು ಆಸ್ಪತ್ರೆಯಲ್ಲಿ ರೇಗಿದೆ. (ನಾಚಿಕೆಗೇಡು, ರೇಗಿದ್ದೂ ನಾನೇ.)

"ಮೂರು ತಿಂಗಳಿಗೆ ಸರಿಯಾಗ್ತದೆ ಅಂತ ನೀನೇ ಲೆಕ್ಕ ಮಾಡಿದ್ದಲ್ವಾ? ನಾನು ನೋವು ಅಂದ್ರೆ ದೊಡ್ಡವರ ಎದುರು ನಿನ್ನ ಲೆಕ್ಕ ತಪ್ಪಾಗುದಿಲ್ವಾ ಮಾರಾಯ?"

ತಮ್ಮನ ಮರ್ಯಾದೆ ಉಳಿಸಲು ಅಕ್ಕ ಸುಳ್ಳು ಹೇಳಿದಳು. ಅವಳ ರಕ್ತ ಮಾತ್ರ ನಿಜ ಹೇಳಿತ್ತು. ಅದರ ಬಾಯಿಯನ್ನು ನಾನು ಮುಚ್ಚಿಸಿದೆ, ಮುಚ್ಚಿಸಿ ವೇದಿಕೆ ಹತ್ತಿ ಶಾಲು ಹೊದೆಸಿಕೊಂಡೆ. ನನ್ನ ಮೇಲೆ ನನಗೆ ಹೇಸಿಗೆಯಾಗುತ್ತಿದೆ.

ನಿನ್ನೆ ನಾನು ಹೊರಟು ನಿಂತಾಗ ಅವಳು ಕರೆದಳು. "ಎಡಗಾಲಲ್ಲಿ ಮೆಷಿನ್ ತುಳಿದು ಅಭ್ಯಾಸ ಆಗ್ಲಿಕ್ಕೆ ಎಷ್ಟು ತಿಂಗಳು ಬೇಕು? ನೀನೊಮ್ಮೆ ಲೆಕ್ಕ ಮಾಡಿ ಹೇಳು, ಆಯ್ತಾ."

ಅದು ಚುಚ್ಚುಮಾತಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.