ರೇಡಿಯೊದೊಳಗಿನ ಕುಂಕುಮ

ಅಪ್ಪ ಬಿಟ್ಟುಹೋದ ಹಳೆಯ ರೇಡಿಯೊವನ್ನು ನನ್ನ ಗಿಟಾರಿಗೆ ಆಂಪ್ಲಿಫೈಯರ್ ಮಾಡಿಯೇ ತೀರುತ್ತೇನೆಂದು ಹಟ ಹಿಡಿದಿದ್ದೆ. ಸ್ಟೇಷನ್ ಹಿಡಿಯುವ ಭಾಗ ಕೆಟ್ಟಿತ್ತು. ದನಿ ದೊಡ್ಡದು ಮಾಡುವ ಭಾಗ ಗಟ್ಟಿಯಾಗಿತ್ತು. ನನಗೆ ಅಷ್ಟು ಸಾಕು. ಗಿಟಾರಿನ ವೈರನ್ನು ವಾಲ್ಯೂಮ್ ಗುಂಡಿಯ ಹಿಂದೆ ಬೆಸೆದೆ. ತಂತಿ ಮೀಟಿದರೆ ಮೀನು ಹುರಿಯುವ ಸದ್ದು ಬಂತು.

"ಹೊಸತು ಸಿಗ್ತದೆ ಮಾರಾಯ, ಇದರಲ್ಲಿ ಎಂತ ಉಂಟು?" ಎಂದ, ಬೈಕಂಪಾಡಿಯ ವರ್ಕ್‌ಶಾಪಿನಲ್ಲಿರುವ ಗೆಳೆಯ. ಸಿಟ್ಟು ಬಂತು. ವೈರುಗಳನ್ನೆಲ್ಲ ಕಿತ್ತು ಮತ್ತೆ ಬೆಸೆದೆ. ಸದ್ದು ಹೋಗಲಿಲ್ಲ. ಕೊನೆಗೆ ಗುಂಡಿಯನ್ನೇ ಬಿಚ್ಚಿದೆ. ಒಳಗೆ ಕೆಂಪು ಪುಡಿ. ಕಡಲ ಗಾಳಿಗೆ ಹಿಡಿದ ತುಕ್ಕೆಂದುಕೊಂಡೆ. ಬೆರಳಿಗೆ ಹತ್ತಿದಾಗ ತಿಳಿಯಿತು, ಅದು ಕುಂಕುಮ. ಪ್ರತಿ ಆಯುಧಪೂಜೆಗೆ ಅಮ್ಮ ಸ್ಕೂಟರಿಗೆ, ಮಿಕ್ಸಿಗೆ ಬೊಟ್ಟಿಟ್ಟು, ಈ ಗುಂಡಿಗೂ ಇಡುತ್ತಿದ್ದರು. ರೇಡಿಯೊ ಮೂಕವಾದ ಮೇಲೂ ಬಿಟ್ಟಿರಲಿಲ್ಲ.

"ಹಾಡದ ರೇಡಿಯೊಗೆ ಎಂತಕ್ಕಮ್ಮ ಪೂಜೆ?" ಎಂದು ರೇಗಿದೆ.

"ಅಪ್ಪ ದಿನಾ ತಿರುಗಿಸ್ತಿದ್ದದ್ದು ಅದನ್ನೇ ಅಲ್ವಾ?" ಎಂದರು.

ಸ್ಪಿರಿಟ್ ಹಾಕಿ ಗುಂಡಿಯ ಒಳಭಾಗವನ್ನು ತೊಳೆದು, ಒಣಗಿಸಿ ಕೂರಿಸಿದೆ. ಈ ಸಲ ತಂತಿಯ ದನಿ ಶುದ್ಧವಾಗಿ ಹೊರಟು ಮನೆಯನ್ನೆಲ್ಲ ತುಂಬಿತು.

ಮುಂದಿನ ಆಯುಧಪೂಜೆಯಂದು ಗುಂಡಿಗೆ ಟೇಪ್ ಸುತ್ತಿ ಕಾವಲು ಕುಳಿತೆ. ಕುಂಕುಮದ ಬಟ್ಟಲು ಹಿಡಿದು ಬಂದ ಅಮ್ಮ ಟೇಪನ್ನು ನೋಡಿದರು. ಬೆಸುಗೆ ಹಾಕುವ ನನ್ನ ಕಡ್ಡಿಗೆ ಬೊಟ್ಟಿಟ್ಟು, ಬಟ್ಟಲನ್ನು ನನ್ನ ಕೈಗೇ ಕೊಟ್ಟರು. "ರೇಡಿಯೊಗೆ ನೀನೇ ಇಡು. ಎಲ್ಲಿ ಇಟ್ರೆ ಆಗ್ತದೆಂತ ನಿನಗೆ ಗೊತ್ತುಂಟಲ್ಲ."

ಟೇಪನ್ನು ಕಿತ್ತೆ. ಗುಂಡಿಯ ಮೇಲೆಯೇ ಇಟ್ಟೆ. ಕೆಟ್ಟರೆ ಮತ್ತೆ ಬಿಚ್ಚುತ್ತೇನೆ.